ಪಾಚಿಯ ನೀಲಿ, ಗೋಗಿಯ ನೀರು

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಬಾಂಬೆ ಮಿಠಾಯಿಗೆ, ಗೋಬಿ ಮಂಚೂರಿಗೆ ರೋಡಮೈನ್-ಬಿ ಎಂಬ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಜೂನ್‌ನಲ್ಲಿ ಕಬಾಬ್‌ಗೂ ಕೃತಕ ಬಣ್ಣ ಬೇಡವೆಂದಿತು. ನಿಷೇಧ ಸರಿಯಾದದ್ದೇ. ಆದರೆ ಜಾತ್ರೆಯ ಅಂಗಡಿಯವನಿಗೆ ಬಣ್ಣ ಬೇಕೇ ಬೇಕು, ಬಣ್ಣವಿಲ್ಲದ ಮಿಠಾಯಿಯ ಹತ್ತಿರ ಮಕ್ಕಳು ಸುಳಿಯುವುದಿಲ್ಲ. ಕೆಂಪಿಗೆ ಬೀಟ್‌ರೂಟ್ ಇದೆ, ಬ್ಯಾಡಗಿ ಮೆಣಸಿನಕಾಯಿ ಇದೆ. ಹಳದಿಗೆ ಅರಿಶಿನ, ಹಸಿರಿಗೆ ಪಾಲಕ್. ತೊಡಕಿರುವುದು ನೀಲಿಯಲ್ಲಿ. ತಿನ್ನುವ ಸಸ್ಯಗಳಲ್ಲಿ ನಿಜವಾದ ನೀಲಿ ತೀರ ಅಪರೂಪ. ನೇರಳೆ ಹಣ್ಣಿನದು, ಕೆನ್ನೇರಳೆ ಕೋಸಿನದು ಹುಳಿ ತಗುಲಿದೊಡನೆ ಕೆಂಪಿಗೆ ತಿರುಗುತ್ತದೆ. ಉಳಿಯುವುದು ಮುಖ್ಯವಾಗಿ ಎರಡು: ಶಂಖಪುಷ್ಪದ ಹೂವು, ಮತ್ತು ಸ್ಪಿರುಲಿನಾ ಎಂಬ ನೀಲಿ-ಹಸಿರು ಪಾಚಿ. ಪಾಚಿ ಎನ್ನುವುದು ರೂಢಿಯ ಮಾತು. ಅದು ಬಿಸಿಲನ್ನೇ ಉಂಡು ಬದುಕುವ ಒಂದು ಬ್ಯಾಕ್ಟೀರಿಯಾ, ಸೈನೊಬ್ಯಾಕ್ಟೀರಿಯಾ. ಅದರೊಳಗಿನ ಫೈಕೊಸಯನಿನ್ ಎಂಬ ನೀಲಿ ಪ್ರೋಟೀನನ್ನು ಜಪಾನಿನ ಒಂದು ಶಾಯಿ ಕಂಪನಿ ದಶಕಗಳ ಹಿಂದೆಯೇ ಮಾರತೊಡಗಿತ್ತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2013ರಲ್ಲಿ ಅದನ್ನು ಕ್ಯಾಂಡಿ, ಚೂಯಿಂಗ್ ಗಮ್‌ಗಳಿಗೆ ಒಪ್ಪಿತು. 2025ರ ಏಪ್ರಿಲ್‌ನಲ್ಲಿ ಪೆಟ್ರೋಲಿಯಂ ಮೂಲದ ಬಣ್ಣಗಳನ್ನು ಹಂತಹಂತವಾಗಿ ಬಿಡಿಸುವುದಾಗಿ ಅಲ್ಲಿನ ಸರ್ಕಾರ ಸಾರಿದ ಮೇಲೆ ಈ ನೀಲಿಗೆ ಬೇಡಿಕೆ ಹೆಚ್ಚುವುದು ಸಹಜ.

ಪಾಚಿ ಬೆಳೆಸುವ ವಿದ್ಯೆ ಕನ್ನಡ ನಾಡಿಗೆ ಹೊಸತೇನಲ್ಲ. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ, 1970ರ ದಶಕದಲ್ಲಿ ಜರ್ಮನ್ ನೆರವಿನೊಂದಿಗೆ ಪಾಚಿ ಬೆಳೆಸುವ ಯೋಜನೆಗೆ ಕೈಹಾಕಿತು. ಮೊದಲು ಬೆಳೆದದ್ದು ಸೀನೆಡೆಸ್ಮಸ್ ಎಂಬ ಹಸಿರು ಪಾಚಿ. ಅದರ ಕೋಶದ ಗೋಡೆ ಗಟ್ಟಿ. ಬಿಸಿ ಉರುಳೆಯ ಮೇಲೆ ಒಣಗಿಸಿ ಒಡೆಯದೆ ಹೊಟ್ಟೆಗೆ ಜೀರ್ಣವಾಗದು. ಕೋಶಗಳು ಸಣ್ಣವಾದ್ದರಿಂದ ಸೋಸಿ ತೆಗೆಯುವುದೂ ಕಷ್ಟ. ಸ್ಪಿರುಲಿನಾ ಹಾಗಲ್ಲ. ಅದು ಸುರುಳಿ ಸುತ್ತಿದ ಎಳೆ, ಸಣ್ಣ ಕಣ್ಣಿನ ಬಟ್ಟೆಯಲ್ಲಿ ಸೋಸಿದರೆ ಮೇಲೆ ನಿಲ್ಲುತ್ತದೆ, ಗೋಡೆಯೂ ಮೆತ್ತಗೆ. ಎಲ್.ವಿ. ವೆಂಕಟರಾಮನ್ ಮತ್ತು ಇ.ಡಬ್ಲ್ಯು. ಬೆಕರ್ ಈ ಅನುಭವವನ್ನು 1982ರಲ್ಲಿ ಪುಸ್ತಕವಾಗಿ ತಂದರು. ಮೈಸೂರಿನವರ ದೊಡ್ಡ ಕೊಡುಗೆ ನನ್ನ ಮಟ್ಟಿಗೆ ಒಂದು ಅಂಕಿಯಲ್ಲಿದೆ. ಫ್ರೆಂಚರ ಜಾರೂಕ್ ಮಾಧ್ಯಮದಲ್ಲಿ ಲೀಟರಿಗೆ 16.8 ಗ್ರಾಂ ಅಡುಗೆ ಸೋಡಾ ಬೇಕು. ಸಿಎಫ್‌ಟಿಆರ್‌ಐ ಮಾಧ್ಯಮದಲ್ಲಿ 4.5 ಗ್ರಾಂ ಸಾಕು. 100 ಚದರ ಮೀಟರಿನ, 20 ಸೆಂಟಿಮೀಟರ್ ಆಳದ ತೊಟ್ಟಿಗೆ ಲೆಕ್ಕ ಹಾಕಿದರೆ 336 ಕಿಲೋ ಸೋಡಾ 90 ಕಿಲೋಗೆ ಇಳಿಯುತ್ತದೆ. ಹಳ್ಳಿಯ ಮಹಿಳಾ ಸಂಘವೊಂದು ಇದಕ್ಕೆ ಕೈಹಾಕಬಹುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಇಂಥ ಲೆಕ್ಕವೇ.

ಬೆಳೆಯುವ ಬಗೆ ಸರಳ, ಬಣ್ಣಕ್ಕಾಗಿ ಬೆಳೆಯುವುದು ಮಾತ್ರ ನಾಜೂಕು. ಆಳವಿಲ್ಲದ ತೊಟ್ಟಿಯ ನೀರಿಗೆ ಸೋಡಾ, ಸಾರಜನಕ, ರಂಜಕ, ಪೊಟ್ಯಾಷ್, ಒಂದಿಷ್ಟು ಕಬ್ಬಿಣ ಸೇರಿಸಿ, ಬೀಜವಾಗಿ ಜೀವಂತ ಪಾಚಿ ಬಿಟ್ಟು, ಚಕ್ರ ತಿರುಗಿಸಿ ನೀರನ್ನು ಸದಾ ಆಡಿಸುತ್ತಿರಬೇಕು. ನೀರಿನ ಕ್ಷಾರದ ಮಟ್ಟ (ಪಿಎಚ್) 9ರಿಂದ 10.5ರ ನಡುವೆ ಇದ್ದರೆ ಬೇರೆ ಕ್ರಿಮಿಗಳು ಹೆಚ್ಚು ತಲೆಯೆತ್ತುವುದಿಲ್ಲ; ಉಷ್ಣಾಂಶ 30ರಿಂದ 37 ಡಿಗ್ರಿ ಇದ್ದರೆ ಅದಕ್ಕೆ ಹಿತ. ಪ್ರೋಟೀನಿಗಾಗಿ ಬೆಳೆಯುವವರು ತೂಕ ನೋಡುತ್ತಾರೆ, ಬಣ್ಣಕ್ಕಾಗಿ ಬೆಳೆಯುವವರು ತೊಟ್ಟಿಯ ಬಣ್ಣವನ್ನೇ ಓದಬೇಕು. ಫೈಕೊಸಯನಿನ್ ಪಾಚಿಗೆ ಬೆಳಕು ಹಿಡಿಯುವ ಬಲೆ. ಬೆಳಕು ಕಡಿಮೆಯಾದರೆ ಬಲೆ ದೊಡ್ಡದಾಗುತ್ತದೆ, ಅತಿಯಾದರೆ ಚಿಕ್ಕದಾಗುತ್ತದೆ. ಸಾರಜನಕ ಸಾಲದೆ ಹೋದರೆ ಪಾಚಿ ತನ್ನ ನೀಲಿಯನ್ನೇ ಕರಗಿಸಿ ತಿಂದುಬಿಡುತ್ತದೆ. ಕಡು ಹಸಿರು ತೊಟ್ಟಿ ಕೆಲವೇ ದಿನಗಳಲ್ಲಿ ಹಳದಿಗೆ ತಿರುಗುತ್ತದೆ. ಸೋಸಿದ ಹಸಿ ಮುದ್ದೆಯನ್ನು ಹೆಪ್ಪುಗಟ್ಟಿಸಿ ಕರಗಿಸಿದರೆ ಕೋಶಗಳೊಡೆದು ನೀಲಿ ನೀರಿಗೆ ಇಳಿಯುತ್ತದೆ. ಒಣ ತೂಕದ ಶೇಕಡ 10ರಿಂದ 15ರಷ್ಟು ಪಾಲು ಈ ಬಣ್ಣವೇ ಇರಬಹುದು. ಬಣ್ಣ ಹಿಂಡಿದ ಮೇಲೆ ಉಳಿಯುವುದನ್ನು ಶೇಂಗಾ ಹಿಂಡಿಯ ಹಾಗೆ ಕೋಳಿಗೆ, ಮೀನಿಗೆ ಹಾಕಬಹುದು.

ಈ ಬೆಳೆ ಎಲ್ಲಿ ಬಂದೀತು ಎಂದು ನೋಡಲು ನಾನು ಆರಿಸಿಕೊಂಡ ಊರು ಗೋಗಿ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಈ ಊರಿಗೆ ಚಂದಾ ಹುಸೇನಿ ದರ್ಗಾದಿಂದ, ಯೂಸುಫ್ ಆದಿಲ್ ಶಾಹನೂ ಅವನ ನಂತರದ ಕೆಲವು ಸುಲ್ತಾನರೂ ಇಲ್ಲಿ ಮಣ್ಣಾದದ್ದರಿಂದ ಹಳೆಯ ಹೆಸರಿದೆ. ಅಲ್ಲಿ ಪಾಚಿ ತೊಟ್ಟಿಗಳಿವೆ ಎಂದು ನಾನು ಹೇಳುತ್ತಿಲ್ಲ, ಬರಬಹುದೇ ಎಂದು ತೂಗಿ ನೋಡುತ್ತಿದ್ದೇನೆ. ಬಿಸಿಲಿಗೆ ಕೊರತೆಯಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಅದೇ ಹೆಚ್ಚಾಗುವುದರಿಂದ ಶೇಡ್ ನೆಟ್ ಕಟ್ಟಬೇಕಾಗುತ್ತದೆ, ಬಣ್ಣದ ಲೆಕ್ಕದಲ್ಲಿ ಅದು ಲಾಭವೇ. ತೊಟ್ಟಿಗೆ ಎರೆಮಣ್ಣಿನ ಫಲವತ್ತತೆ ಬೇಕಿಲ್ಲ, ಪರಸಿ ಕಲ್ಲಿನ ಬರಡು ನೆಲವೂ ಆದೀತು. ಬಣ್ಣದ ಬೆಳೆ ಈ ಸೀಮೆಗೆ ಅಪರಿಚಿತವೂ ಅಲ್ಲ: ಇಂದು ಎಣ್ಣೆಗಾಗಿ ಬೆಳೆಯುವ ಕುಸುಬೆಯ ಹೂವಿನಿಂದ ಒಂದು ಕಾಲಕ್ಕೆ ಬಟ್ಟೆಗೆ ಕೆಂಪು ಹಚ್ಚುತ್ತಿದ್ದರು. ಸುರಪುರದ ನಾಯಕರ ಆಸ್ಥಾನದಲ್ಲಿ ಬೆಳೆದ ಚಿತ್ರಕಲೆಯ ನೆನಪೂ ಬರುತ್ತದೆ. ಆದರೆ ಪಾಚಿಯ ನೀಲಿ ಚಿತ್ರಕಾರನ ಉಪಯೋಗಕ್ಕೆ ಬರದು, ಬೆಳಕಿಗೆ ಮಾಸಿಹೋಗುತ್ತದೆ.

ನೀರು ಸಾಲದ ಜಿಲ್ಲೆಗೆ ನೀರಿನ ಬೆಳೆಯೇ ಎಂಬ ಆಕ್ಷೇಪ ಮೊದಲು ಬರುತ್ತದೆ. ದಿನಕ್ಕೆ 8 ಮಿಲಿಮೀಟರ್ ಆವಿಯಾದರೆ ಚದರ ಮೀಟರಿಗೆ 8 ಲೀಟರ್ ಹೋಯಿತು. ಅದೇ ಚದರ ಮೀಟರು 8 ಗ್ರಾಂ ಒಣ ಪಾಚಿ ಕೊಟ್ಟರೆ ಕಿಲೋಗೆ 1,000 ಲೀಟರ್. ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆಯುವ ಭತ್ತ ಒಂದು ಕಿಲೋ ಅಕ್ಕಿಗೆ ಇದರ ಮೂರು ಪಟ್ಟಿಗೂ ಹೆಚ್ಚು ಕುಡಿಯುತ್ತದೆ. ಹಾಗಾಗಿ ನೀರಿನ ಪ್ರಮಾಣ ನನ್ನನ್ನು ಹೆದರಿಸುವುದಿಲ್ಲ, ಹೆದರಿಸುವುದು ಅದರ ಗುಣ. ಗೋಗಿಯ ನೆಲದಡಿ, ಸುಣ್ಣಕಲ್ಲು ಮತ್ತು ಗ್ರಾನೈಟಿನ ಬಿರುಕುಗಳಲ್ಲಿ, ಯುರೇನಿಯಂ ಅದಿರಿದೆ. ಈ ಭಾಗದ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಲೀಟರಿಗೆ 30 ಮೈಕ್ರೋಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಮೀರಿದ ಯುರೇನಿಯಂ ಅಧ್ಯಯನಗಳಲ್ಲಿ ದಾಖಲಾಗಿದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಜನ ಆರ್ಸೆನಿಕ್ ನೀರು ಕುಡಿದು ಪಟ್ಟ ಪಾಡು ರಾಜ್ಯಕ್ಕೆಲ್ಲ ಗೊತ್ತು. ಸ್ಪಿರುಲಿನಾ ಲೋಹಗಳನ್ನು ಮೈಗಂಟಿಸಿಕೊಳ್ಳುವ ಜೀವಿ. ಕೊಳೆ ನೀರಿನಿಂದ ಲೋಹ ತೆಗೆಯಲು ಅದನ್ನು ಬಳಸುವ ಪ್ರಯೋಗಗಳೇ ನಡೆದಿವೆ. ಸೋಡಾ ಬೆರೆತ ನೀರಿನಲ್ಲಿ ಯುರೇನಿಯಂ ಕಾರ್ಬೊನೇಟಿನೊಡನೆ ಕೂಡಿ ಕರಗಿಯೇ ಇರುತ್ತದೆ, ಪಾಚಿಗೆ ಅಷ್ಟಾಗಿ ಅಂಟದು ಎಂದು ಯಾರಾದರೂ ವಾದಿಸಬಹುದು. ಅದರಲ್ಲಿ ಹುರುಳಿದೆ. ಆದರೆ ಸೋಸಿದ ಮುದ್ದೆ ತೊಟ್ಟಿಯ ನೀರನ್ನು ಹೊತ್ತುಕೊಂಡೇ ಮೇಲೆ ಬರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಆವಿ: 20 ಸೆಂಟಿಮೀಟರ್ ಆಳದ ತೊಟ್ಟಿಯಿಂದ ದಿನಕ್ಕೆ 8 ಮಿಲಿಮೀಟರ್ ಹೋದರೆ 25 ದಿನಕ್ಕೆ ಒಂದು ತೊಟ್ಟಿ ನೀರೇ ಆರಿಹೋಗುತ್ತದೆ. ಅಷ್ಟನ್ನೂ ಅದೇ ಬೋರ್‌ವೆಲ್‌ನಿಂದ ತುಂಬಿಸುತ್ತ ಬಂದರೆ ನೀರು ಮಾತ್ರ ಹೋಗಿ ಲವಣ, ಲೋಹ ಅಲ್ಲೇ ನಿಲ್ಲುತ್ತವೆ. ಕುಡಿಯಲು ಮಿತಿಯೊಳಗಿದ್ದ ನೀರು ಎರಡು ತಿಂಗಳಲ್ಲಿ ಆ ಮಿತಿಯ ಮೂರು ಪಟ್ಟಿಗೆ ಮುಟ್ಟಬಹುದು. ಮಕ್ಕಳ ಮಿಠಾಯಿಯಿಂದ ಒಂದು ವಿಷ ತೆಗೆದು ಇನ್ನೊಂದನ್ನು ಹಾಕುವ ಹಕ್ಕು ಯಾರಿಗೂ ಇಲ್ಲ.

ಹಾಗಾದರೆ ಗೋಗಿಯನ್ನು ಕೈಬಿಡೋಣವೇ? ನನಗೆ ಹಾಗನ್ನಿಸುವುದಿಲ್ಲ. ಬೋರ್‌ವೆಲ್ ನೀರನ್ನು ಬಿಟ್ಟು ಚಾವಣಿಯ ಮಳೆನೀರು, ಹೊಲದ ಬಸಿಗಾಲುವೆ ಕೂಡದ ಕಡೆಯಿಂದ ಹಿಡಿದಿಟ್ಟ ಕೃಷ್ಣೆಯ ನೀರು, ಇವುಗಳಿಂದ ತೊಟ್ಟಿ ತುಂಬಿಸಬಹುದು. ಬಸಿಗಾಲುವೆಯಲ್ಲಿ ಹತ್ತಿ, ಮೆಣಸಿನಕಾಯಿ ಹೊಲದ ಔಷಧ ಬಂದಿರುತ್ತದೆ, ಅದು ಬೇಡವೇ ಬೇಡ. ಕಾಲುವೆ ಬಂದಾಗುವ ತಿಂಗಳುಗಳಿಗೆ ಮುಚ್ಚಿದ ಸಂಗ್ರಹ ತೊಟ್ಟಿ ಕಟ್ಟಲೇಬೇಕು. ಆ ಖರ್ಚನ್ನು ಬಿಟ್ಟು ಮಾಡಿದ ಲಾಭದ ಲೆಕ್ಕ ಲೆಕ್ಕವಲ್ಲ. ಶಹಾಪುರ ತಾಲ್ಲೂಕಿನಲ್ಲೇ, ಭೀಮರಾಯನಗುಡಿಯಲ್ಲಿ, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಾಲೇಜಿದೆ. ಮೊದಲ ತೊಟ್ಟಿಗಳು ರೈತನ ಸಾಲದ ಮೇಲೆ ಏಳುವ ಬದಲು ಅಂಥ ಕಡೆ ಏಳಬೇಕು.

ಬಣ್ಣವೇ ನಿಲ್ಲುವುದಿಲ್ಲವಲ್ಲ ಎಂಬ ಮಾತೂ ಇದೆ. ನಿಜ, 60 ಡಿಗ್ರಿ ದಾಟಿದರೆ ಫೈಕೊಸಯನಿನ್ ಕೆಡುತ್ತದೆ, ಲಿಂಬಿ ಶರಬತ್ತಿನ ಹುಳಿಯಲ್ಲಿ ಗರಣೆಗಟ್ಟುತ್ತದೆ. ಎಣ್ಣೆಯಲ್ಲಿ ಕರಿಯುವ ಜಿಲೇಬಿಗೆ ಅದು ಆಗದು. ಕುಲ್ಫಿ, ಐಸ್‌ಕ್ರೀಂ, ಕೇಕಿನ ಮೇಲಿನ ಕೆನೆಗೆ ಆಗುತ್ತದೆ. ಬೆಳೆದದ್ದನ್ನೆಲ್ಲ ಮರಳಿ ಕೊಳ್ಳುತ್ತೇವೆಂದು ಮುಂಗಡ ಕೇಳುವವರು ಬಂದರೆ ಅವರು ಯಾವ ತಿನಿಸಿಗೆ, ಯಾವ ಪರವಾನಗಿಯ ಮೇಲೆ ಮಾರುತ್ತಾರೆಂದು ಮೊದಲು ಕೇಳಬೇಕು. ಆಹಾರಕ್ಕೆ ಹಾಕಬಹುದಾದ ಬಣ್ಣಗಳಿಗೆ ನಮ್ಮಲ್ಲಿ ಪಟ್ಟಿಯಿದೆ, ಪ್ರಕೃತಿಯದು ಎಂಬ ಒಂದೇ ಕಾರಣಕ್ಕೆ ಯಾವುದೂ ಅದರೊಳಗೆ ಬರುವುದಿಲ್ಲ. ಮಾರುವವರ ಕಡೆಯಿಂದಲೂ ಒಂದು ಕಾಗದ ಬೇಕು: ಪ್ರತಿ ಕೊಯ್ಲಿನ ಚೀಲದ ಜೊತೆ ಅದರಲ್ಲಿ ಯುರೇನಿಯಂ, ಆರ್ಸೆನಿಕ್, ಸೀಸ ಎಷ್ಟು, ತೊಟ್ಟಿಗೆ ನುಸುಳುವ ಬೇರೆ ಪಾಚಿಗಳ ವಿಷವಾದ ಮೈಕ್ರೊಸಿಸ್ಟಿನ್ ಎಷ್ಟು ಎಂದು ಬರೆದ ಪ್ರಯೋಗಾಲಯದ ವರದಿ. ಗೋಗಿಯ ಹೆಸರು ಹೊತ್ತ ನೀಲಿಯನ್ನು ಕೊಳ್ಳುವವನು ಮೊದಲು ಕೈಚಾಚುವುದು ಆ ವರದಿಗೇ.