ಸಿಡಿಸುವವನನ್ನು ಕಾಯುವ ಸಿಡಿಮದ್ದು

ಹಲಸೂರು ಕೆರೆಯ ಕಡೆ ಅಡ್ಡಾಡಲು ಹೋದವರು ಮದ್ರಾಸ್ ಸ್ಯಾಪರ್ಸ್ ಎಂಬ ಸೈನಿಕರ ನೆಲೆಯನ್ನು ನೋಡಿರಬಹುದು. ಸೇತುವೆ ಕಟ್ಟುವುದು, ಸೇನೆಗೆ ದಾರಿ ತೆರವು ಮಾಡುವುದು ಇವರ ಕಸುಬು. ನಮ್ಮ ಊರಿನ ಹೆಸರನ್ನು ಹೊರದೇಶಗಳ ಸೇನೆಗಳಿಗೂ ಪರಿಚಯಿಸಿದ ‘ಬ್ಯಾಂಗಲೋರ್ ಟಾರ್ಪೆಡೊ’ ಹುಟ್ಟಿದ್ದು ಈ ಪಡೆಯಲ್ಲಿ. ಟಾರ್ಪೆಡೊ ಎಂದೊಡನೆ ಕಡಲು ನೆನಪಾಗುತ್ತದೆ; ಆದರೆ ಇದರ ಕೆಲಸವೆಲ್ಲ ನೆಲದ ಮೇಲೆ.

1912ರಲ್ಲಿ ಇದನ್ನು ರೂಪಿಸಿದವರು ಇಲ್ಲಿನ ಅಧಿಕಾರಿ ಕ್ಯಾಪ್ಟನ್ ಆರ್.ಎಲ್. ಮೆಕ್ಲಿಂಟಾಕ್. ಗುಂಡಿನ ಸುರಿಮಳೆಯ ನಡುವೆ ಮುಳ್ಳುತಂತಿ ಬೇಲಿಯನ್ನು ಕತ್ತರಿಸಲು ಹೋದವನು ಬದುಕಿ ಬರುವುದು ಕಷ್ಟ. ಅದಕ್ಕೆ ಅವರು ಕಂಡುಕೊಂಡ ಉಪಾಯ ಸರಳ: ಸ್ಫೋಟಕ ತುಂಬಿದ ಕೊಳವೆಗಳನ್ನು ಒಂದರ ಹಿಂದೊಂದು ಜೋಡಿಸಿ ಬೇಲಿಯ ಕೆಳಗೆ ತಳ್ಳುವುದು. ಸೈನಿಕ ಮರೆಯಲ್ಲಿ ಮಲಗಿಯೇ ಕೊಳವೆ ತಳ್ಳಿ, ಹಿಂದೆ ಸರಿದು ಸಿಡಿಸಬಹುದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ನರು ಬಳಸಿದ ಒಂದೊಂದು ಕೊಳವೆಯ ಉದ್ದ 5 ಅಡಿ. 1944ರ ಜೂನ್ 6ರಂದು ನಾರ್ಮಂಡಿಯ ಕಡಲತೀರದಲ್ಲಿ ಬೇಲಿಗಳನ್ನು ಸೀಳಿದ್ದು ಇದೇ ಸಾಧನ.

ತಳ್ಳುವಾಗಲೇ ಅದು ಸಿಡಿದರೆ? ಕೊಳವೆಯ ತುದಿ ಹೂತಿಟ್ಟ ನೆಲಬಾಂಬಿಗೆ ತಗುಲಿದರೆ ಇನ್ನೊಂದು ತುದಿಯಲ್ಲಿರುವ ಸೈನಿಕನ ಗತಿಯೇನು? ಅದಕ್ಕೇ ಮುಂದುಗಡೆ ಮದ್ದಿಲ್ಲದ ಮರದ ತುಂಡೊಂದನ್ನು ಸೇರಿಸಬೇಕೆಂದು ಅಮೆರಿಕದ ಸೇನಾ ಕೈಪಿಡಿ ಹೇಳುತ್ತದೆ. ಬಾಂಬು ಸಿಡಿದರೆ ಮೊದಲ ಪೆಟ್ಟು ಮರಕ್ಕೆ. ಮದ್ದು ತುಂಬಿದ ಕೊಳವೆಗಳು ಅದರಿಂದ ದೂರ ಉಳಿಯುತ್ತವೆ.

ಬಂದೂಕಿನಲ್ಲೂ ಇದೇ ವಿವೇಕವಿದೆ. ತೋಟಾದ ಹಿತ್ತಾಳೆ ಕವಚ ಒಡೆದರೆ ಬಿಸಿ ಅನಿಲ ಹಿಂದಕ್ಕೆ ನುಗ್ಗಿ ಗುರಿಕಾರನ ಕಣ್ಣಿಗೇ ಬಡಿಯಬಹುದು. 1898ರ ಜರ್ಮನ್ ಮೌಸರ್ ರೈಫಲ್‌ನಲ್ಲಿ ತೋಟಾದ ಹಿಂದಿರುವ ಬೋಲ್ಟಿಗೆ ತೂತುಗಳನ್ನು ಕೊರೆದಿದ್ದರು. ಅನಿಲಕ್ಕೆ ಅದು ಬೇರೆ ದಾರಿ. ಅಲ್ಲಿಂದಲೂ ತಪ್ಪಿ ಬಂದದ್ದನ್ನು ಬೋಲ್ಟಿನ ಹಿಂಭಾಗದ ಅಗಲವಾದ ಅಂಚು ಮುಖದಿಂದ ಆಚೆಗೆ ತಿರುಗಿಸುತ್ತಿತ್ತು. ಬೋಲ್ಟನ್ನು ಹಿಡಿದಿಡುವ ಮುಂದಿನ ಎರಡು ಹಲ್ಲುಗಳು ಮುರಿದರೂ ಅದು ಹಿಂದಕ್ಕೆ ಹಾರದಂತೆ ತಡೆಯಲು ಮೂರನೆಯದೊಂದಿತ್ತು. ಇಷ್ಟಿದ್ದರೂ ಗುರಿ ಅಭ್ಯಾಸದ ವೇಳೆ ರಕ್ಷಣಾ ಕನ್ನಡಕ ಬಿಡುವಂತಿಲ್ಲ.

ಇದನ್ನು ಅರಿಯಲು ಮಕ್ಕಳು ಯುದ್ಧಭೂಮಿಗೆ ಹೋಗಬೇಕಾಗಿಲ್ಲ, ಅಡುಗೆಮನೆಗೆ ಹೋದರೆ ಸಾಕು. ಕುಕ್ಕರ್‌ನ ವಿಷಲ್ ಕಟ್ಟಿಕೊಂಡರೆ ಸೇಫ್ಟಿ ವಾಲ್ವ್ ತಾನು ಕರಗಿ ಆವಿಯನ್ನು ಹೊರಬಿಡುತ್ತದೆ. ಅದು ಕೆಟ್ಟರೆ ಹೊಸದು ಸಿಗುತ್ತದೆ. ಒಲೆಯ ಮುಂದೆ ನಿಂತ ಅಮ್ಮನಿಗೆ ಪೆಟ್ಟಾಗಬಾರದು. ಯಂತ್ರ ಕೆಲಸ ಮಾಡುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಕೆಟ್ಟಾಗ ಅದರ ಪಕ್ಕ ಯಾರಿರುತ್ತಾರೆ ಎಂದೂ ಕೇಳಿಕೊಳ್ಳುವವನೇ ಒಳ್ಳೆಯ ಎಂಜಿನಿಯರ್.