ಒಬಿಜಿ ಸೀಟು: ಆಪ್ಷನ್ ಪಟ್ಟಿ ತುಂಬುವುದು ಹೇಗೆ, ಬೈಂದೂರಿಗೆ ಅದರಿಂದ ಆಗುವುದೇನು?

ನೀಟ್ ಪಿಜಿ ಫಲಿತಾಂಶ ಬಂದ ವಾರದಿಂದ ಕುಂದಾಪುರ ಕಡೆಯ ಕರೆಗಳು ಶುರುವಾಗುತ್ತವೆ. ಎಂಬಿಬಿಎಸ್ ಮುಗಿಸಿದ ಊರಿನ ಹುಡುಗಿಯರು, ನಡುವೆ ಒಬ್ಬಿಬ್ಬರು ಹುಡುಗರು. ಎಲ್ಲರದ್ದೂ ಒಂದೇ ಪ್ರಶ್ನೆ: "ಅಕ್ಕಾ, ಒಬಿಜಿಗೆ ಫಸ್ಟ್ ಯಾವ್ದ್ ಹಾಕುದ್?" ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗಕ್ಕೆ ನಮ್ಮವರಲ್ಲಿ ಒಬಿಜಿ ಎಂದೇ ಹೆಸರು. ನಾನು ಬೈಂದೂರು ಕಡೆಯವಳು. ಘಟ್ಟದ ಮೇಲಿನ ಒಂದು ಸರ್ಕಾರಿ ಕಾಲೇಜಿನಲ್ಲಿ ಇದೇ ವಿಭಾಗದ ಮೂರನೇ ವರ್ಷದ ರೆಸಿಡೆಂಟ್.

ಈ ಆಪ್ಷನ್ ಪಟ್ಟಿಯನ್ನು ಎಲ್ಲರೂ ಕೆರಿಯರ್ ವಿಷಯ ಅಂತಲೇ ನೋಡುತ್ತಾರೆ. ಯಾವ ಕಾಲೇಜಿಗೆ ಹೆಸರಿದೆ, ಫೀಸು ಎಷ್ಟು, ಮದುವೆಗೆ ಅಡ್ಡಿಯಾಗುತ್ತದಾ, ಇಷ್ಟೇ ಲೆಕ್ಕ. ಆದರೆ ಮೂರು ವರ್ಷ ಕಳೆದ ಮೇಲೆ ಕುಂದಾಪುರದ ಹೆರಿಗೆ ವಾರ್ಡಿನಲ್ಲಿ ರಾತ್ರಿ ಎರಡು ಗಂಟೆಗೆ ಯಾರು ಇರುತ್ತಾರೆ, ಅವರ ಕೈಗೆ ಎಷ್ಟು ಪಳಗಿದೆ ಅನ್ನುವುದು ತೀರ್ಮಾನವಾಗುವುದೂ ಇದೇ ಪಟ್ಟಿಯಲ್ಲಿ. ಹಾಗಾಗಿ ಡಾಕ್ಟರಾಗದವರಿಗೂ ಇದು ಗೊತ್ತಿರಬೇಕಾದ ವಿಷಯವೇ.

ಮೊದಲು ವ್ಯವಸ್ಥೆ ನೋಡೋಣ. 200 ಪ್ರಶ್ನೆ, 800 ಅಂಕಗಳ ಪರೀಕ್ಷೆ. ಅದರ ರ‍್ಯಾಂಕ್ ಹಿಡಿದು ಎರಡು ಕಡೆ ಸಾಲು ನಿಲ್ಲಬೇಕು. ರಾಜ್ಯದ ಸರ್ಕಾರಿ ಕಾಲೇಜುಗಳ ಅರ್ಧ ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಅದನ್ನು ದೆಹಲಿಯ ಎಂಸಿಸಿ ತುಂಬುತ್ತದೆ. ಉಳಿದ ಅರ್ಧವನ್ನೂ ಖಾಸಗಿ ಕಾಲೇಜುಗಳ ಸೀಟುಗಳನ್ನೂ ಹಂಚುವುದು ಬೆಂಗಳೂರಿನ ಕೆಇಎ. ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳು ಪೂರ್ತಿಯಾಗಿ ಎಂಸಿಸಿ ಮೂಲಕವೇ.

ಎರಡೂ ಕಡೆ ಹಂಚಿಕೆಯ ತತ್ವ ಒಂದೇ. ಕಂಪ್ಯೂಟರ್ ಮೊದಲ ರ‍್ಯಾಂಕಿನವರ ಪಟ್ಟಿ ತೆಗೆದು, ಮೇಲಿನಿಂದ ಕೆಳಗೆ ನೋಡುತ್ತಾ ಬಂದು, ಅವರಿಗೆ ಅರ್ಹತೆಯಿದ್ದು ಖಾಲಿಯಿರುವ ಮೊದಲ ಸೀಟನ್ನು ಕೊಡುತ್ತದೆ. ಆಮೇಲೆ ಎರಡನೇ ರ‍್ಯಾಂಕು, ಮೂರನೇ ರ‍್ಯಾಂಕು, ಹೀಗೇ. ಮೀಸಲು ಸೀಟುಗಳಲ್ಲೂ ಆಯಾ ವರ್ಗದ ಒಳಗೆ ಇದೇ ಕ್ರಮ. ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. "ಸಿಗದ ಕಾಲೇಜನ್ನ ಮೇಲೆ ಹಾಕಿದ್ರೆ ಸಿಗುವುದೂ ಹೋಗ್ತದೆ" ಎಂದು ಕೋಚಿಂಗ್ ಗ್ರೂಪುಗಳಲ್ಲಿ ಹೇಳುತ್ತಾರಲ್ಲ, ಅದಕ್ಕೆ ಆಧಾರವಿಲ್ಲ. ನಿಮ್ಮ ಸರದಿ ಬರುವ ಹೊತ್ತಿಗೆ ಮೊದಲ ಹತ್ತು ಆಪ್ಷನ್ ತುಂಬಿಹೋಗಿದ್ದರೆ ಕಂಪ್ಯೂಟರ್ ಹನ್ನೊಂದನೆಯದಕ್ಕೆ ಬರುತ್ತದೆ. ಹನ್ನೊಂದನೆಯದನ್ನೇ ಮೊದಲು ಬರೆದಿದ್ದರೂ ಸಿಗುತ್ತಿದ್ದುದು ಅದೇ. ಆದ್ದರಿಂದ ನಿಜವಾಗಿ ಬೇಕಾದುದನ್ನು ಬೇಕಾದ ಕ್ರಮದಲ್ಲೇ ಬರೆಯಿರಿ.

ಎಚ್ಚರ ಬೇಕಾದ್ದು ಬೇರೆ ಕಡೆ. ಒಂದೇ ಕಾಲೇಜಿನ ಒಬಿಜಿಗೆ ಸರ್ಕಾರಿ ಸೀಟು, ಖಾಸಗಿ ಸೀಟು, ಎನ್‌ಆರ್‌ಐ ಸೀಟು ಎಂದು ಪ್ರತ್ಯೇಕ ಆಪ್ಷನ್‌ಗಳಿರುತ್ತವೆ. ಫೀಸಿನ ಅಂತರ ನೋಡಿದರೆ ತಲೆ ತಿರುಗುತ್ತದೆ. ಅವಸರದಲ್ಲಿ ಒಂದು ಸಾಲು ಮೇಲೆ ಕೆಳಗೆ ಆದರೆ ಮನೆ ಅಡವಿಡುವ ಮಾತು. ಇನ್ನೊಂದು, ಸುತ್ತುಗಳ ಲೆಕ್ಕ. ಎಂಸಿಸಿಯ ಮೊದಲ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಸೇರದಿದ್ದರೆ ನಷ್ಟವಿಲ್ಲ. ಎರಡನೇ ಸುತ್ತಿನಿಂದ ಠೇವಣಿ ಹೋಗುತ್ತದೆ. ಠೇವಣಿ ಡೀಮ್ಡ್ ಸೀಟಿಗೆ 2 ಲಕ್ಷ, ಅಖಿಲ ಭಾರತ ಕೋಟಾಕ್ಕೆ ಸಾಮಾನ್ಯ ವರ್ಗದವರಿಗೆ 25,000 ರೂಪಾಯಿ. ಸೀಟು ಹಿಡಿದುಕೊಂಡು ಅಪ್‌ಗ್ರೇಡ್ ಕೇಳಿದಿರಾ, ಮೇಲಿನದು ಸಿಕ್ಕ ಕ್ಷಣ ಕೆಳಗಿನದು ನಿಮ್ಮದಲ್ಲ. ಹೋಗಲು ಮನಸ್ಸಿಲ್ಲದ ಕಾಲೇಜನ್ನು "ಇರ್ಲಿ" ಅಂತ ಬರೆದಿಟ್ಟರೆ ಅದೇ ಕುತ್ತಿಗೆಗೆ ಬರುತ್ತದೆ.

ಅಮೆರಿಕದಲ್ಲಿ ಇದು ಬೇರೆ ಥರ. 1952ರಿಂದ ಅಲ್ಲಿ 'ಮ್ಯಾಚ್' ಎಂಬ ಪದ್ಧತಿಯಿದೆ. ಅಭ್ಯರ್ಥಿಗಳು ಆಸ್ಪತ್ರೆಗಳ ಪಟ್ಟಿ ಮಾಡುತ್ತಾರೆ, ಆಸ್ಪತ್ರೆಗಳೂ ಸಂದರ್ಶನ ಮಾಡಿ ಅಭ್ಯರ್ಥಿಗಳ ಪಟ್ಟಿ ಮಾಡುತ್ತವೆ, ಕಂಪ್ಯೂಟರ್ ಎರಡನ್ನೂ ಹೊಂದಿಸುತ್ತದೆ. ಅದರ ಲೆಕ್ಕಾಚಾರ ತಿದ್ದಿದ ಆಲ್ವಿನ್ ರಾಥ್‌ಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮಲ್ಲಿ ಆಸ್ಪತ್ರೆಗೆ ಬಾಯಿಲ್ಲ. ಅದು ಒಳ್ಳೆಯದೇ ಅನ್ನುವುದು ನನ್ನ ಅಭಿಪ್ರಾಯ. ಸಂದರ್ಶನ ಅಂತ ಇಟ್ಟರೆ ಇಲ್ಲಿ ಜಾತಿ, ದುಡ್ಡು, ಶಿಫಾರಸು ಬಾಗಿಲಲ್ಲೇ ಕಾಯುತ್ತವೆ. ಆದರೆ "ನಮ್ಮೂರಿಗೆ ವಾಪಸು ಬರುವವರನ್ನು ಕೊಡಿ" ಎಂದು ಕೇಳಲು ಬೈಂದೂರಿನಂಥ ಊರಿಗೆ ಈ ಯಂತ್ರದಲ್ಲಿ ಜಾಗವೂ ಇಲ್ಲ.

ಕರಾವಳಿಯಲ್ಲಿ ಕಾಲೇಜಿಗೆ ಬರವಿಲ್ಲ, ಆದರೆ…

ನಮ್ಮ ಕಡೆ ಮೆಡಿಕಲ್ ಕಾಲೇಜಿಗೆ ಏನು ಕೊರತೆ ಅಂತ ಘಟ್ಟದ ಮೇಲಿನವರು ಕೇಳುತ್ತಾರೆ. 1953ರಲ್ಲಿ ಶುರುವಾದ ಕೆಎಂಸಿ ಮಣಿಪಾಲದಲ್ಲೂ ಇದೆ, ಮಂಗಳೂರಲ್ಲೂ ಇದೆ. ಕೆ.ಎಸ್. ಹೆಗ್ಡೆ, ಯೆನೆಪೋಯ ಇವೆ. ಇವೆಲ್ಲ ಡೀಮ್ಡ್. ಫಾದರ್ ಮುಲ್ಲರ್, ಎ.ಜೆ. ಖಾಸಗಿ. ಉಡುಪಿ ಜಿಲ್ಲೆ 1997ರಲ್ಲೇ ಆದರೂ ಇಲ್ಲೊಂದು ಸರ್ಕಾರಿ ಮೆಡಿಕಲ್ ಕಾಲೇಜು ಇಲ್ಲ. ಮಂಗಳೂರಿನ ಲೇಡಿಗೋಶನ್ ಆಸ್ಪತ್ರೆಯ ಕಥೆ ಇನ್ನೂ ಸ್ವಾರಸ್ಯ. 1849ರಷ್ಟು ಹಳೆಯದು, ಸರ್ಕಾರದ್ದು, ಬಡ ಹೆಂಗಸರ ಹೆರಿಗೆಗೆ ಇಡೀ ಕರಾವಳಿ ನಂಬಿದ ಜಾಗ. ಅಲ್ಲಿ ಕಲಿಯುವವರು ಕೆಎಂಸಿಯ ವಿದ್ಯಾರ್ಥಿಗಳು. ಅಂದರೆ ಹಾಸಿಗೆ ಸರ್ಕಾರದ್ದು, ಹೆರಿಗೆಗೆ ಬರುವವರು ಬಡವರು, ಅಲ್ಲಿ ಕೈ ಪಳಗಿಸಿಕೊಳ್ಳುವ ಸೀಟಿಗೆ ಡೀಮ್ಡ್ ದರ. ವರ್ಷಕ್ಕೆ ಹತ್ತಾರು ಲಕ್ಷ ಕಟ್ಟಲಾಗದ ಕುಂದಾಪುರದ ಹುಡುಗಿ ಶಿವಮೊಗ್ಗಕ್ಕೋ ಹಾಸನಕ್ಕೋ ಹುಬ್ಬಳ್ಳಿಗೋ ಹೊರಡುತ್ತಾಳೆ. ಮಳೆಗಾಲದಲ್ಲಿ ಬಾಳೆಬರೆ ಘಾಟಿಯಲ್ಲಿ ಗುಡ್ಡ ಜಾರಿದರೆ ಮನೆಗೆ ಬರಲು ಸುತ್ತು ಬಳಸಬೇಕು.

ಹಾಗಂತ ಘಟ್ಟ ಹತ್ತುವುದು ನಷ್ಟ ಅಂತ ತಿಳಿಯಬೇಡಿ. ಒಬಿಜಿ ಮಟ್ಟಿಗೆ ನನ್ನ ಲೆಕ್ಕ ಬೇರೆಯೇ ಇದೆ.

ಏನು ಕೇಳಬೇಕು, ಯಾರನ್ನು ಕೇಳಬೇಕು

ಕಾಲೇಜಿನ ವೆಬ್‌ಸೈಟ್ ನೋಡಿ ಪಟ್ಟಿ ಮಾಡಬೇಡಿ. ಅಲ್ಲಿ ಈಗ ಎರಡನೇ ವರ್ಷದಲ್ಲಿರುವ ರೆಸಿಡೆಂಟ್ ಒಬ್ಬರ ನಂಬರ್ ಹುಡುಕಿ, ರಾತ್ರಿ ಡ್ಯೂಟಿ ಇಲ್ಲದ ದಿನ ಫೋನ್ ಮಾಡಿ. ಮೊದಲ ವರ್ಷದವರು ಅಳುತ್ತಿರುತ್ತಾರೆ, ಮೂರನೇ ವರ್ಷದವರಿಗೆ ಎಲ್ಲವೂ ಮರೆತಿರುತ್ತದೆ.

ಕೇಳಬೇಕಾದ ಮೊದಲ ಪ್ರಶ್ನೆ, ಅಲ್ಲಿ ಎಷ್ಟು ಹೆರಿಗೆ ಆಗುತ್ತದೆ ಎಂದಲ್ಲ, ನೀವು ಎಷ್ಟು ಮಾಡಿಸುತ್ತೀರಿ ಎಂದು. ಖಾಸಗಿ ಆಸ್ಪತ್ರೆಯಲ್ಲಿ ಪೇಷೆಂಟ್ ಬಂದಿರುವುದು ಹೆಸರಾಂತ ಡಾಕ್ಟರನ್ನು ನಂಬಿ. ಕತ್ತರಿ ಹಿಡಿಯುವವರು ಅವರು, ರಿಟ್ರಾಕ್ಟರ್ ಹಿಡಿಯುವವರು ನೀವು. ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲ ವರ್ಷದ ಕೊನೆಗೇ ಮೇಲ್ವಿಚಾರಣೆಯಲ್ಲಿ ಸಿಸೇರಿಯನ್ ಕೈಗೆ ಬರುವುದುಂಟು. ಅಲ್ಲಿನ ಕಷ್ಟ ಬೇರೆ. ಜನ ಹೆಚ್ಚು, ಕಲಿಸುವವರಿಗೆ ಪುರುಸೊತ್ತು ಇಲ್ಲ. ಮಾಡುತ್ತಾ ಮಾಡುತ್ತಾ ತಪ್ಪನ್ನೇ ಪಕ್ಕಾ ಮಾಡಿಕೊಳ್ಳುವ ಅಪಾಯವೂ ಇದೆ. "ಕೇಸ್ ಕೆಟ್ಟಾಗ ಅಸಿಸ್ಟೆಂಟ್ ಪ್ರೊಫೆಸರ್ ಎಷ್ಟು ಹೊತ್ತಿಗೆ ಬರ್ತಾರೆ?" ಅಂತ ಕೇಳಿ. ಆಚೆ ಕಡೆಯವರು ನಕ್ಕರೆ ಆ ಆಪ್ಷನ್ ಕೆಳಗೆ ಹೋಗಲಿ.

ಎರಡನೆಯದು ಸಿಸೇರಿಯನ್ ಬಿಟ್ಟು ಉಳಿದದ್ದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಕರ್ನಾಟಕದ ಸಿಸೇರಿಯನ್ ಪ್ರಮಾಣ ಶೇ 23.6 ಇತ್ತು. ಐದನೇ ಸುತ್ತಿಗೆ ಶೇ 31.5 ಆಯಿತು. ವ್ಯಾಕ್ಯೂಮ್, ಫೋರ್ಸೆಪ್ಸ್ ಹಾಕಿ ಹೆರಿಗೆ ಮಾಡಿಸುವ ಕೈಚಳಕ ಕೆಲವು ಕಡೆ ಪಾಠದಲ್ಲಷ್ಟೇ ಉಳಿದಿದೆ. ದೊಡ್ಡ ಆಸ್ಪತ್ರೆಯಲ್ಲಿ ಅದಿಲ್ಲದೆಯೂ ನಡೆಯುತ್ತದೆ, ಅರಿವಳಿಕೆ ತಜ್ಞರು ಪಕ್ಕದ ಕೋಣೆಯಲ್ಲಿರುತ್ತಾರೆ. ಅರಿವಳಿಕೆ ತಜ್ಞರು ರಜೆಯಲ್ಲಿರುವ ಸಣ್ಣ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ.

ಮೂರನೆಯದು, ಹೆರಿಗೆಯಾದ ಮೇಲೆ ನಿಲ್ಲದ ರಕ್ತಸ್ರಾವ. ಬ್ರಹ್ಮಾವರದಿಂದ ಉಡುಪಿಗೆ ಸುಮಾರು 13 ಕಿಲೋಮೀಟರ್. ಬೈಂದೂರಿನಿಂದ ಕುಂದಾಪುರಕ್ಕೇ 30 ದಾಟುತ್ತದೆ, ಉಡುಪಿಗೆ ಸುಮಾರು 70. ಹೆದ್ದಾರಿ 66ರ ಮೇಲೆ ಆಂಬುಲೆನ್ಸ್ ಎಷ್ಟೇ ಓಡಿದರೂ ಆ ಒಂದು ಗಂಟೆಯಲ್ಲಿ ಜೀವ ಉಳಿಸುವುದು ಹೊರಡುವ ಮೊದಲು ಮಾಡಿದ ಕೆಲಸ: ಸರಿಯಾದ ಇಂಜೆಕ್ಷನ್, ಗರ್ಭಕೋಶದ ಮಸಾಜ್, ಬಲೂನ್. ದುಬಾರಿ ಬಲೂನ್ ಇಲ್ಲದ ಕಡೆ ಕ್ಯಾಥೆಟರಿಗೆ ಕಾಂಡೋಮ್ ಕಟ್ಟಿ ಸಲೈನ್ ತುಂಬಿಸುವ ಉಪಾಯ ಕೊಟ್ಟವರು ಬಾಂಗ್ಲಾದೇಶದ ಡಾ. ಸಯೇಬಾ ಅಖ್ತರ್. ಅದನ್ನು ಕೈಯಾರೆ ಮಾಡಿಸಿ ಕಲಿಸುವ ವಿಭಾಗವನ್ನು ನಾನು ರೋಬಾಟ್ ಸರ್ಜರಿ ತೋರಿಸುವ ವಿಭಾಗಕ್ಕಿಂತ ಮೇಲೆ ಇಡುತ್ತೇನೆ. ಪ್ರಬಂಧ, ಸಂಶೋಧನೆ ಎಂದಾಗಲೂ ಇದೇ ಮಾತು. ಬೆಳಗಾವಿಯ ಜೆಎನ್‌ಎಂಸಿಯವರು ಸೇರಿ ಆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಎಎನ್‌ಎಂಗಳು ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಇಂಥ ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿದಿತ್ತು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, 2018–20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರ ಸಾವು, ಕೇರಳದಲ್ಲಿ 19. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾಲಾಗಿ ಸತ್ತಾಗ ಸಲೈನ್ ಬಾಟಲಿಯ ಗುಣಮಟ್ಟದ ಮೇಲೆ ಪ್ರಶ್ನೆ ಎದ್ದಿತು. ಡಾಕ್ಟರ ಕೈ ಎಷ್ಟೇ ಪಳಗಿದ್ದರೂ ಬಾಟಲಿಯೊಳಗೆ ಏನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ.

ಇನ್ನು ಡ್ಯೂಟಿ. 1992ರ ಕೇಂದ್ರ ರೆಸಿಡೆನ್ಸಿ ಯೋಜನೆಯ ಪ್ರಕಾರ ಒಮ್ಮೆಗೆ 12 ಗಂಟೆ, ವಾರಕ್ಕೆ 48 ಗಂಟೆ. ನಾನು ಬಲ್ಲ ಒಬಿಜಿ ವಿಭಾಗಗಳಲ್ಲಿ ಆ 48 ಬುಧವಾರ ಸಂಜೆಗೇ ಮುಗಿದಿರುತ್ತದೆ. ಎಲ್ಲ ಕಡೆಯೂ ಹೀಗೇ ಎಂದು ಸುಮ್ಮನಾಗಬೇಡಿ, ಕೇಳಿ. 24 ಗಂಟೆ ಡ್ಯೂಟಿ ಮಾಡಿದ ಮರುದಿನ ಬಿಡುತ್ತಾರಾ, ಇಲ್ಲವಾ? ಮಲಗುವ ಕೋಣೆಗೆ ಒಳಗಿಂದ ಚಿಲಕ ಇದೆಯಾ? 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್‌.ಜಿ. ಕರ್ ಆಸ್ಪತ್ರೆಯಲ್ಲಿ ನಡೆದದ್ದರ ನಂತರವೂ ಈ ಪ್ರಶ್ನೆಗೆ "ಅಡ್ಜಸ್ಟ್ ಆಗ್ತದೆ" ಅಂತ ಉತ್ತರ ಬರುವ ಕಾಲೇಜುಗಳಿವೆ.

ವಾಪಸು ಬರುವವರು ಯಾರು

"ಊರಿನವರಿಗೇ ಸೀಟು ಕೊಟ್ಟರೆ ಊರಿಗೇ ಬರ್ತಾರೆ" ಎಂದು ನಮ್ಮ ಕಡೆ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುವವರಿದ್ದಾರೆ. ಆ ದಾರಿ ಮುಚ್ಚಿದೆ. ಪಿಜಿ ಮೆಡಿಕಲ್‌ನಲ್ಲಿ ವಾಸಸ್ಥಳದ ಮೇಲೆ ಮೀಸಲಾತಿ ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ 2025ರ ಜನವರಿ 29ರಂದು ಹೇಳಿತು. ತೆರೆದಿರುವ ದಾರಿ ಸೇವೆಯಲ್ಲಿರುವವರ ಕೋಟಾ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡಿದ ಸರ್ಕಾರಿ ವೈದ್ಯರಿಗೆ ರಾಜ್ಯಗಳು ಪಿಜಿ ಸೀಟು ಮೀಸಲಿಡಬಹುದು ಎಂದು ಸಂವಿಧಾನ ಪೀಠ 2020ರ ಆಗಸ್ಟ್ 31ರಂದು ಸ್ಪಷ್ಟಪಡಿಸಿದೆ. ಊರಿನ ಕೋಟಾಕ್ಕಾಗಿ ಕೂಗುವ ಶಾಸಕರು ಈ ಸೇವಾ ಕೋಟಾದಲ್ಲಿ ಒಬಿಜಿಗೆ ಎಷ್ಟು ಸೀಟು ಬಿಟ್ಟಿದ್ದಾರೆ ಎಂದು ಸದನದಲ್ಲಿ ಕೇಳಿದರೆ ಹೆಚ್ಚು ಉಪಯೋಗ.

2020ರಿಂದ ಎನ್‌ಬಿಇಎಂಎಸ್ ಎರಡು ವರ್ಷದ ಒಬಿಜಿ ಡಿಪ್ಲೊಮಾವನ್ನೂ ಶುರು ಮಾಡಿದೆ. ಡಿಪ್ಲೊಮಾ ಅಂದರೆ ಮೂಗು ಮುರಿಯುವವರು ಬಹಳ. ಪ್ರೊಫೆಸರ್ ಆಗಬೇಕಾದವರಿಗೆ ಅದು ಸಾಲದು, ನಿಜ. ಕುಂದಾಪುರದಲ್ಲಿ ಹೆರಿಗೆ ಮಾಡಿಸುತ್ತಾ ಇರಬೇಕು ಅನ್ನುವವರು ಪಟ್ಟಿಯಲ್ಲಿ ಅದನ್ನು ತೀರಾ ಕೊನೆಗೆ ತಳ್ಳಬೇಕಾಗಿಲ್ಲ.

ಕೊನೆಯದು ಡಿಆರ್‌ಪಿ, ಅಂದರೆ ಜಿಲ್ಲಾ ರೆಸಿಡೆನ್ಸಿ. ಮೂರು ವರ್ಷದಲ್ಲಿ ಮೂರು ತಿಂಗಳು ಕಾಲೇಜು ಬಿಟ್ಟು ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಬಹಳ ಜನ ಇದನ್ನು ರಜೆ ಎಂದುಕೊಳ್ಳುತ್ತಾರೆ. ನನಗೆ ಯಾವಾಗ ರೆಫರ್ ಮಾಡಬೇಕು, ಯಾವಾಗ ಧೈರ್ಯವಾಗಿ ಇಟ್ಟುಕೊಳ್ಳಬೇಕು ಅಂತ ಗೊತ್ತಾದದ್ದು ಆ ಮೂರು ತಿಂಗಳಲ್ಲಿ. ನೀವು ಸೇರುವ ಕಾಲೇಜು ಡಿಆರ್‌ಪಿಗೆ ಎಲ್ಲಿಗೆ ಕಳಿಸುತ್ತದೆ ಎಂಬುದೂ ಆಪ್ಷನ್ ಹಾಕುವ ಮುಂಚೆ ತಿಳಿಯಬೇಕಾದ ವಿಷಯ. 2023ರ ನಿಯಮದಂತೆ ಆ ಆಸ್ಪತ್ರೆಗೆ ಕನಿಷ್ಠ 50 ಹಾಸಿಗೆ ಇರಬೇಕು. ಕುಂದಾಪುರದ ಆಸ್ಪತ್ರೆಯಂಥದ್ದು ಈ ಲೆಕ್ಕಕ್ಕೆ ಸಿಗುತ್ತದೆ. 30 ಹಾಸಿಗೆಯ ಸಮುದಾಯ ಆರೋಗ್ಯ ಕೇಂದ್ರ ಸಿಗುವುದಿಲ್ಲ. ಬೈಂದೂರು, ಬ್ರಹ್ಮಾವರ 2018ರಲ್ಲಿ ತಾಲ್ಲೂಕುಗಳಾದವು, ಆದರೆ ತಾಲ್ಲೂಕು ಎಂದು ಬೋರ್ಡು ಬಿದ್ದ ದಿನವೇ ಹಾಸಿಗೆ ಹೆಚ್ಚುವುದಿಲ್ಲ. ಕುಂದಾಪುರಕ್ಕೆ ಬಂದ ರೆಸಿಡೆಂಟ್‌ಗಳನ್ನು ವಾರಕ್ಕೆ ಎರಡು ದಿನ, ಜೊತೆಗೊಬ್ಬ ಹಿರಿಯ ತಜ್ಞರಿದ್ದರೆ ಮಾತ್ರ, ಬೈಂದೂರಿನ ಗರ್ಭಿಣಿಯರ ತಪಾಸಣೆಗೆ ಕಳಿಸುವುದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿ ಮತ್ತು ಕಾಲೇಜುಗಳು ಒಂದು ಮೇಜಿಗೆ ಕೂತು ಡ್ಯೂಟಿ ಪಟ್ಟಿ ಬರೆದರೆ ಸಾಕು.