ತೊಟ್ಟಿಲಿಲ್ಲದ ಬಾಣಂತನ

ಹೆತ್ತವಳಿಗೆ ‘ಬಾಣಂತಿ’ಯೆಂಬ ಹೆಸರುಂಟು, ಎಣ್ಣೆನೀರು, ಬಿಸಿಯೂಟ, ತವರಿನ ಆರೈಕೆಗಳುಂಟು. ಗರ್ಭಸ್ರಾವವಾದವಳಿಗೆ ನಮ್ಮ ಬಳಕೆಯ ಮಾತಿನಲ್ಲಿ ಅಂಥ ಹೆಸರೊಂದನ್ನು ಕಾಣೆ. ಹೆಸರಿಲ್ಲದವಳು ಮೂರನೆಯ ದಿನವೇ ಒಲೆಯ ಮುಂದೆ! 1961ರ ಹೆರಿಗೆ ಸೌಲಭ್ಯ ಕಾಯಿದೆಯಾದರೂ ಅವಳಿಗೆ 6 ವಾರಗಳ ಸಂಬಳಸಹಿತ ರಜೆಯನ್ನು ವಿಧಿಸಿತು. ಮನೆಗೆಲಸಕ್ಕೆ ರಜೆ ಕೊಡುವವರು ಯಾರು?

ರಕ್ತಸ್ರಾವವು ಒಂದೆರಡು ವಾರ ತಗ್ಗುತ್ತ ಸಾಗುವುದುಂಟು. ಮುಟ್ಟು ಸಾಮಾನ್ಯವಾಗಿ 4ರಿಂದ 6 ವಾರಗಳಲ್ಲಿ ಮರಳುತ್ತದೆ; ಅದಕ್ಕೆ ಮುನ್ನವೇ ಮತ್ತೆ ಗರ್ಭ ನಿಲ್ಲಬಹುದೆಂಬುದನ್ನು ಗಂಡಂದಿರೂ ಅರಿತಿರಬೇಕು. ಜ್ವರ, ದುರ್ಗಂಧದ ಸ್ರಾವ, ಗಂಟೆಗೆ ಎರಡು ಪ್ಯಾಡು ತೊಯ್ಯುವಷ್ಟು ರಕ್ತ ಕಂಡರೆ ಕಷಾಯ ಕಾಯಿಸುತ್ತ ಕೂರದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಆಗಿದ್ದರೆ, 72 ಗಂಟೆಗಳೊಳಗೆ ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಬೇಕು. ಒಂದೆರಡು ವಾರಗಳಲ್ಲಿ ಮರುಪರೀಕ್ಷೆಗೆ ಹೋಗುವಾಗ ಅವಳ ಜೊತೆಗೊಬ್ಬರು ಇರಲಿ.